2000ರಲ್ಲಿ 1000 ಆರಿಸಿದರೆ ‘ಇನ್ಫ್’: ಆರ್‌ನಲ್ಲಿ ದೊಡ್ಡ ಸಂಖ್ಯೆಗಳ ಲೆಕ್ಕ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಧಾರವಾಡದವಳು. ಪುಣೆಯಲ್ಲಿ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಕೊನೆಯ ವರ್ಷ ಓದುತ್ತಿದ್ದೇನೆ, ಕೋಥ್ರೂಡ್‌ನಲ್ಲಿ ಪಿಜಿಯಲ್ಲಿದ್ದೇನೆ. ಪ್ರಾಜೆಕ್ಟಿಗೆ 2000 ಮನೆಗಳ ಡೇಟಾ ಇದೆ. ಅದರಲ್ಲಿ 1000 ಮನೆಗಳಿಗೆ ಒಂದು ಸೌಲಭ್ಯ ಸಿಕ್ಕಿದೆ. ಒಂದು ಸಣ್ಣ ಬಸ್ತಿಯ 60 ಮನೆಗಳಲ್ಲಿ 40ಕ್ಕೆ ಸಿಕ್ಕಿದೆ. ಹೀಗಾಗೋದು ಬರೀ ಆಕಸ್ಮಿಕವಾ ಅಂತ ನೋಡಲು ಪುಸ್ತಕದ ಸೂತ್ರವನ್ನು ಆರ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಬರೆದೆ. 2000ರಲ್ಲಿ 1000 ಆರಿಸುವ ಲೆಕ್ಕಕ್ಕೆ ‘ಇನ್ಫ್’ (ಇನ್ಫಿನಿಟಿ, ಅನಂತ) ಬಂತು, ಪೂರ್ತಿ ಸೂತ್ರಕ್ಕೆ ‘ಎನ್‌ಎಎನ್’ (ಸಂಖ್ಯೆಯೇ ಅಲ್ಲ) ಬಂತು. ಅದೇ ಡೇಟಾದ ಲೈಕ್ಲಿಹುಡ್, ಅಂದರೆ ಒಂದೊಂದು ಮನೆಯ ಸಂಭವನೀಯತೆಗಳ ಗುಣಲಬ್ಧ, ತೆಗೆದರೆ ಸೊನ್ನೆ. 23 ಫ್ಯಾಕ್ಟೋರಿಯಲ್‌ನ (1ರಿಂದ 23ರವರೆಗಿನ ಗುಣಲಬ್ಧ) ಎಲ್ಲ ಅಂಕೆ ತೋರಿಸು ಅಂದರೆ ಕ್ಯಾಲ್ಕುಲೇಟರ್ ವೆಬ್‌ಸೈಟಿಗೂ ಆರ್‌ಗೂ ಕೊನೆಯ ಅಂಕೆಗಳು ಹೊಂದುತ್ತಿಲ್ಲ. ರೂಮ್‌ಮೇಟ್ 32 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್ ತಗೋ ಅಂತಾಳೆ. ಸೀನಿಯರ್ ಒಬ್ಬರು ಆರ್ ಬಿಟ್ಟು ಪೈಥಾನ್‌ಗೆ ಹೋಗು ಅಂತಾರೆ. ಇಷ್ಟು ದಿನ ಮಾಡಿದ ರಿಗ್ರೆಶನ್ ಎಲ್ಲ ತಪ್ಪಾಗಿದೆಯಾ ಅಂತ ಭಯವಾಗಿದೆ. ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಕೇಳೋ ಪರಿಸ್ಥಿತಿ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಭಯ ಬಿಡಿ. ನಿಮ್ಮ ಲ್ಯಾಪ್‌ಟಾಪ್ ಸರಿ ಇದೆ, ಆರ್ ಸರಿ ಇದೆ, ಸೂತ್ರವೂ ಸರಿ ಇದೆ. ಪುಸ್ತಕದಲ್ಲಿ ಇದ್ದ ಹಾಗೇ ಸೂತ್ರವನ್ನು ಮೆಷಿನ್‌ಗೆ ಕೊಟ್ಟಿದ್ದೀರಿ, ಅಲ್ಲೇ ಸಿಕ್ಕಿಕೊಂಡಿದೆ. ಪುಸ್ತಕದ ಸೂತ್ರ ಅರ್ಥ ಮಾಡಿಕೊಳ್ಳಲು ಬರೆದದ್ದು. ಲೆಕ್ಕ ಮಾಡುವ ದಾರಿ ಬೇರೆ ಇರುತ್ತದೆ.

ನಾನು ಮುಂಬೈಗೆ ಬಂದು ಈ ಕೆಲಸ ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ಪ್ರತಿ ವರ್ಷ ಹೊಸದಾಗಿ ಸೇರುವ ಹುಡುಗ ಹುಡುಗಿಯರಲ್ಲಿ ಒಬ್ಬರಾದರೂ ಇದೇ ‘ಇನ್ಫ್’ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬರುತ್ತಾರೆ. ಮುಖದಲ್ಲಿ ನಿಮ್ಮದೇ ಗಾಬರಿ. ನೀವು ಕೇಳಿದ್ದು ಒಂದು ಪ್ರಶ್ನೆಯ ಹಾಗೆ ಕಂಡರೂ ಅದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಸಂಖ್ಯೆ ತೀರಾ ದೊಡ್ಡದಾಗಿ ಇನ್ಫ್ ಆಗೋದು ಒಂದು. ತೀರಾ ಸಣ್ಣದಾಗಿ ಸೊನ್ನೆಯಾಗೋದು ಇನ್ನೊಂದು. ಗಾತ್ರ ಸರಿಯಿದ್ದರೂ ಕೊನೆಯ ಅಂಕೆಗಳು ಹಾಳಾಗೋದು ಮೂರನೆಯದು. ಮೊದಲ ಎರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಸದ್ದಿಲ್ಲದೆ ಆಗುತ್ತದೆ, ನನಗೆ ಜಾಸ್ತಿ ಹೆದರಿಕೆ ಅದರದ್ದೇ.

ಕಾರಣ ತಿಳಿಯಲು ರೈಲ್ವೆ ರಿಸರ್ವೇಶನ್ ಫಾರ್ಮ್ ನೆನಪಿಸಿಕೊಳ್ಳಿ. ಹೆಸರು ಬರೆಯಲು ಇಷ್ಟೇ ಚೌಕ ಅಂತ ಇರುತ್ತದೆ. ಆರ್ ಒಂದು ಸಂಖ್ಯೆಗೆ ಕೊಡೋದು 64 ಚೌಕ, ಅಂದರೆ 64 ಬಿಟ್. ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಅನ್ನೋದಕ್ಕೆ. 11 ಬಿಟ್ ಸಂಖ್ಯೆ ಎಷ್ಟು ದೊಡ್ಡದು ಅನ್ನೋದಕ್ಕೆ. ಉಳಿದ 52 ಬಿಟ್ ಅಂಕೆಗಳಿಗೆ. ಈ ಹಂಚಿಕೆಯನ್ನು 1985ರ ಐಇಇಇ 754 ಅನ್ನೋ ಸ್ಟ್ಯಾಂಡರ್ಡ್ ಗಟ್ಟಿ ಮಾಡಿತು. ಅದರ ಹಿಂದೆ ಮುಖ್ಯವಾಗಿ ದುಡಿದ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು. ಎಕ್ಸೆಲ್, ಪೈಥಾನ್‌ನ ದಶಮಾಂಶ ಸಂಖ್ಯೆಗಳು, ನಿಮ್ಮ ಆರ್, ಎಲ್ಲವೂ ಇದೇ ಚೌಕಗಳಲ್ಲೇ ಬರೆಯುತ್ತವೆ.

ಗಾತ್ರಕ್ಕೆ 11 ಬಿಟ್ ಇರೋದರಿಂದ ಮೇಲಿನ ಗಡಿ ಸುಮಾರು 1.797 ಗುಣಿಸು 10ರ 308ನೇ ಘಾತ. 170 ಫ್ಯಾಕ್ಟೋರಿಯಲ್ ಈ ಗಡಿಯೊಳಗೆ ಇದೆ. 171 ದಾಟುತ್ತದೆ, ಇನ್ಫ್ ಬರುತ್ತದೆ. 2000ರಲ್ಲಿ 1000 ಆರಿಸುವ ವಿಧಾನಗಳ ಸಂಖ್ಯೆಗೆ 601 ಅಂಕೆ ಇದೆ. 309 ಅಂಕೆಗೆ ಮುಗಿದುಹೋಗುವ ಫಾರ್ಮಿನಲ್ಲಿ 601 ಅಂಕೆ ಎಲ್ಲಿ ಬರೆಯೋದು? ಅಲ್ವಾ? ಇನ್ನು ನಿಮ್ಮ ಸೂತ್ರ ನೋಡಿ. ಮೇಲೆ 60ರಲ್ಲಿ 40 ಆರಿಸುವುದು ಗುಣಿಸು 1940ರಲ್ಲಿ 960 ಆರಿಸುವುದು. ಕೆಳಗೆ 2000ರಲ್ಲಿ 1000. ಮೇಲೂ ಇನ್ಫ್, ಕೆಳಗೂ ಇನ್ಫ್. ಇನ್ಫ್‌ನಿಂದ ಇನ್ಫ್ ಭಾಗಿಸಿದರೆ ಎಷ್ಟು ಅಂತ ಯಾರಿಗೂ ಹೇಳಲು ಆಗಲ್ಲ. ಅದಕ್ಕೇ ಆರ್ ಎನ್‌ಎಎನ್ ಕೊಟ್ಟಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದೆ, ಅದು ಒಳ್ಳೆಯದೇ.

ಈಗ ರೂಮ್‌ಮೇಟ್ ಮಾತು. ರ‍್ಯಾಮ್ ಜಾಸ್ತಿ ಮಾಡಿದರೆ ಇಂಥ ಫಾರ್ಮುಗಳನ್ನು ಜಾಸ್ತಿ ಇಟ್ಟುಕೊಳ್ಳಬಹುದು. ಒಂದೊಂದು ಫಾರ್ಮಿನ ಚೌಕಗಳು ಜಾಸ್ತಿ ಆಗಲ್ಲ. 4 ಜಿಬಿ ಇದ್ದರೂ 171 ಫ್ಯಾಕ್ಟೋರಿಯಲ್ ಇನ್ಫ್, 128 ಜಿಬಿ ಇದ್ದರೂ ಇನ್ಫ್. ‘ನನ್ನದು 64 ಬಿಟ್ ಕಂಪ್ಯೂಟರ್’ ಅನ್ನೋದೂ ಇಲ್ಲಿ ಉಪಯೋಗಕ್ಕೆ ಬರಲ್ಲ. ಹಳೇ 32 ಬಿಟ್ ಮೆಷಿನ್‌ಗಳಲ್ಲೂ ಆರ್‌ನ ಈ ಸಂಖ್ಯೆ 64 ಬಿಟ್ಟೇ ಇತ್ತು. ಸುಮ್ನೆ ಸಾಲ ಮಾಡಿ ಲ್ಯಾಪ್‌ಟಾಪ್ ತಗೋಬೇಡಿ.

ಸೀನಿಯರ್ ಮಾತಿನಲ್ಲಿ ಅರ್ಧ ಸತ್ಯ ಇದೆ. ಪೈಥಾನ್‌ನ ಪೂರ್ಣಾಂಕಕ್ಕೆ ಗಡಿ ಇಲ್ಲ, ಮೆಮೊರಿ ಇರುವಷ್ಟು ದೊಡ್ಡದಾಗುತ್ತದೆ. ಆದರೆ ದಶಮಾಂಶ ಬಂದ ಕೂಡಲೇ ಅಲ್ಲೂ ಇದೇ 64 ಬಿಟ್. ಡೇಟಾ ಕೆಲಸಕ್ಕೆ ಎಲ್ಲರೂ ಬಳಸುವ ನಂಪೈ ಅರೇಗಳಲ್ಲಿ ಪೂರ್ಣಾಂಕ ಗಡಿ ದಾಟಿದರೆ ಸದ್ದಿಲ್ಲದೆ ಸುತ್ತು ಹೊಡೆದು ಮೈನಸ್ ಸಂಖ್ಯೆ ಬಂದುಬಿಡಬಹುದು. ಮನೆ ಬದಲಾಯಿಸಿದರೆ ಈ ತೊಂದರೆ ಹೋಗಲ್ಲ.

ಇನ್ನು 23 ಫ್ಯಾಕ್ಟೋರಿಯಲ್. ನೀವು ಇದನ್ನು ಹೊಂದಿಸಿ ನೋಡಿದ್ದು ನನಗೆ ತುಂಬಾ ಇಷ್ಟವಾಯಿತು. ಯಾಕೆಂದರೆ ಇದನ್ನು ಕಾಗದದ ಮೇಲೇ ಪರೀಕ್ಷೆ ಮಾಡಬಹುದು.

ನಿಜವಾದ ಉತ್ತರ: 25852016738884976640000
ಆರ್ ತೋರಿಸುವುದು: 25852016738884978212864

ಮೊದಲ 16 ಅಂಕೆ ಒಂದೇ. ಆಮೇಲೆ ದಾರಿ ಬೇರೆಯಾಗಿದೆ. ಯಾವುದು ಸರಿ ಅಂತ ಹೇಳಲು ಕಂಪ್ಯೂಟರ್ ಬೇಡ. 1ರಿಂದ 23ರವರೆಗೆ ಗುಣಿಸುವಾಗ 5, 10, 15, 20 ನಾಲ್ಕೂ ಬರುತ್ತವೆ. ಅಂದರೆ ಐದು ನಾಲ್ಕು ಸಲ ಬರುತ್ತದೆ, ಜೊತೆಗೆ ಬೇಕಾದಷ್ಟು ಎರಡುಗಳಿವೆ. ಹಾಗಾಗಿ ಉತ್ತರದ ಕೊನೆಗೆ ನಾಲ್ಕು ಸೊನ್ನೆ ಇರಲೇಬೇಕು. 2864 ಅಂತ ಕೊನೆಯಾಗುವ ಸಂಖ್ಯೆ 23 ಫ್ಯಾಕ್ಟೋರಿಯಲ್ ಆಗಲು ಸಾಧ್ಯವೇ ಇಲ್ಲ. ಹೈಸ್ಕೂಲ್ ಲೆಕ್ಕ ಇದು, ಆದರೆ ಇಂಥ ಜಾಗದಲ್ಲಿ ಮೆಷಿನ್ ಮೇಲೆ ಕಾವಲು ಕಾಯುತ್ತದೆ.

ಹೀಗೆ ಯಾಕಾಯಿತು? ಅಂಕೆಗಳಿಗೆ ಇರೋದು 52 ಬಿಟ್, ಬರೆಯದೆ ಒಪ್ಪಿಕೊಂಡ ಒಂದು ಸೇರಿ 53. ಅಂದರೆ 2ರ 53ನೇ ಘಾತ, 9007199254740992ರವರೆಗೆ ಪ್ರತಿಯೊಂದು ಪೂರ್ಣ ಸಂಖ್ಯೆಗೂ ಜಾಗ ಇದೆ. ಅದಕ್ಕೆ ಒಂದು ಕೂಡಿಸಿ ನೋಡಿ, ಉತ್ತರ ಮತ್ತೆ ಅದೇ ಬರುತ್ತದೆ. ಅಲ್ಲಿಂದ ಮೇಲೆ ಎರಡಕ್ಕೊಂದು, ಆಮೇಲೆ ನಾಲ್ಕಕ್ಕೊಂದು, ಹೀಗೆ ಮೈಲಿಗಲ್ಲುಗಳು ದೂರ ದೂರ ಆಗುತ್ತಾ ಹೋಗುತ್ತವೆ. 23 ಫ್ಯಾಕ್ಟೋರಿಯಲ್ ಇರುವ ಕಡೆ ಒಂದು ಕಲ್ಲಿಗೂ ಇನ್ನೊಂದಕ್ಕೂ 41 ಲಕ್ಷದ 94 ಸಾವಿರದ 304ರಷ್ಟು ಅಂತರ. ನಡುವಿನ ಸಂಖ್ಯೆ ಕೊಟ್ಟರೆ ಹತ್ತಿರದ ಕಲ್ಲಿಗೆ ಹೋಗಿ ಕೂರುತ್ತದೆ. ಎಷ್ಟು ಅಂಕೆ, ಹೇಗೆ ತೋರಿಸಬೇಕು ಅನ್ನೋ ಸೆಟ್ಟಿಂಗ್‌ಗಳಲ್ಲಿ ಡಿಜಿಟ್ಸ್ 22 ಅಂತ ಹಾಕಿದರೂ, ಸೈಪೆನ್ 999 ಮಾಡಿದರೂ ಆ ಕಲ್ಲಿನ ಮೇಲೆ ಬರೆದದ್ದನ್ನೇ ಪೂರ್ತಿ ಓದಿ ಹೇಳುತ್ತದೆ. ಹೊಸ ನಿಖರತೆ ಬರಲ್ಲ. ಇದರ ಉಲ್ಟಾ ತಪ್ಪು ಕಲ್ಪನೆಯೂ ಇದೆ. 1234567890123 ಅನ್ನೋದನ್ನು ಆರ್ 1.234568 ಮುಂದೆ ‘ಇ ಪ್ಲಸ್ 12’ ಅಂತ ತೋರಿಸಿದರೆ ಡೇಟಾ ಹೋಯಿತು ಅಂತ ಗಾಬರಿ ಬೀಳುತ್ತಾರೆ. ಏನೂ ಹೋಗಿಲ್ಲ. ಮಾಮೂಲಿಗೆ ಏಳು ಅಂಕೆ ತೋರಿಸುವ ಸೆಟ್ಟಿಂಗ್ ಅದು, ಅಷ್ಟೇ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತದಿಂದ ಶುರುವಾಗಿ ಕೊನೆಯದು ಮಹಾಕ್ಷೋಭ, ಅಂದರೆ 10ರ 23ನೇ ಘಾತ. ನಾವು ಬಳಸುವ 64 ಬಿಟ್ ಸಂಖ್ಯೆ ಹತ್ತರ ಘಾತಗಳನ್ನು 22ರವರೆಗೆ ಮಾತ್ರ ಚಾಚೂ ತಪ್ಪದೆ ಹಿಡಿಯುತ್ತದೆ. ಮಹಾಕ್ಷೋಭ ಕೊಟ್ಟರೆ ಒಳಗೆ ಕೂರೋದು 99999999999999991611392. ಇಷ್ಟರಲ್ಲಿ ಇಷ್ಟು ಆರಿಸುವ ಲೆಕ್ಕಕ್ಕೆ ಸಾಮಾನ್ಯ ಸೂತ್ರ ಕೊಟ್ಟವನೂ ಅವನೇ. ನೀವು ಪುಣೆಯಲ್ಲಿ ಕೂತು ಮಾಡುತ್ತಿರುವ ಲೆಕ್ಕಕ್ಕೆ ಮಳಖೇಡದ ದಿನಗಳ ನೆನಪಿದೆ ಅಂತ ನನಗೆ ಪ್ರತಿ ಸಲ ಖುಷಿಯಾಗುತ್ತದೆ.

ಸರಿ, ಪರಿಹಾರಕ್ಕೆ ಬರೋಣ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ನಿಜವಾಗಿ ಬೇಕಿರೋದು ಆ 601 ಅಂಕೆಯ ಸಂಖ್ಯೆಯಾ? ಅಲ್ಲ. ನಿಮಗೆ ಬೇಕಿರೋದು ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಸಂಭವನೀಯತೆ. ಅದು ಪುಟ್ಟ ಸಂಖ್ಯೆ. ಪುಸ್ತಕದ ಸೂತ್ರ ಎರಡು ದೊಡ್ಡ ಬೆಟ್ಟ ಹತ್ತಿ ಇಳಿದು ಆ ಪುಟ್ಟ ಊರಿಗೆ ಹೋಗುತ್ತದೆ. ಪುಣೆಯಿಂದ ಮುಂಬೈಗೆ ರೈಲಿನಲ್ಲಿ ಬಂದಿದ್ದೀರಲ್ಲ, ಖಂಡಾಲದ ಹತ್ತಿರ ರೈಲು ಬೆಟ್ಟದ ನೆತ್ತಿ ಹತ್ತಲ್ಲ. ಸುರಂಗದಲ್ಲಿ ನುಗ್ಗಿ ಬರುತ್ತದೆ. ನಮ್ಮ ಸುರಂಗದ ಹೆಸರು ಲಾಗರಿದಮ್.

ಪಿಯುಸಿಯಲ್ಲಿ ಲಾಗ್ ಟೇಬಲ್ ಪುಸ್ತಕ ನೋಡಿದ ನೆನಪು ಇರಬೇಕು. ಗುಣಾಕಾರ ಸಂಕಲನ ಆಗುತ್ತದೆ, ಭಾಗಾಕಾರ ವ್ಯವಕಲನ ಆಗುತ್ತದೆ. ದೊಡ್ಡ ಸಂಖ್ಯೆಗಳು ಕೈಗೆ ಸಿಗುವಷ್ಟು ಸಣ್ಣ ಆಗುತ್ತವೆ. ಆರ್‌ನಲ್ಲಿ ಇದಕ್ಕೆ ಫಂಕ್ಷನ್‌ಗಳು ಸಿದ್ಧ ಇವೆ, ಹೆಸರಿನ ಮುಂದೆ ಒಂದು ‘ಎಲ್’ ಅಕ್ಷರ ಇರುತ್ತದೆ: ಎಲ್‌ಫ್ಯಾಕ್ಟೋರಿಯಲ್, ಎಲ್‌ಚೂಸ್, ಎಲ್‌ಗ್ಯಾಮಾ. ಎಲ್‌ಚೂಸ್‌ಗೆ 2000, 1000 ಕೊಡಿ. 1382.268 ಬರುತ್ತದೆ. ಸಾದಾ ಸಂಖ್ಯೆ. 10ರ ಸ್ವಾಭಾವಿಕ ಲಾಗ್‌ನಿಂದ ಭಾಗಿಸಿದರೆ 600.3114. ದಶಮಾಂಶದ ಭಾಗ 0.3114ಕ್ಕೆ 10ರ ಘಾತ ತೆಗೆದರೆ 2.048. ಅಂದರೆ ಉತ್ತರ 2.048 ಗುಣಿಸು 10ರ 600ನೇ ಘಾತ. ಇನ್ಫ್ ಅಂದ ಮೆಷಿನ್ನೇ ಇದನ್ನು ಕೊಟ್ಟಿತು.

ಒಂದು ತಪ್ಪು ಮಾತ್ರ ಮಾಡಬೇಡಿ. ಮೊದಲು ಫ್ಯಾಕ್ಟೋರಿಯಲ್ ತೆಗೆದು ಆಮೇಲೆ ಅದರ ಲಾಗ್ ತೆಗೆಯೋದು. ಇನ್ಫ್ ಆದ ಮೇಲೆ ಲಾಗ್ ತೆಗೆದರೆ ಇನ್ಫೇ ಉಳಿಯುತ್ತದೆ. ಶುರುವಿನಿಂದಲೇ ಸುರಂಗದ ಒಳಗೆ ಇರಬೇಕು.

ಲೈಕ್ಲಿಹುಡ್ ಸೊನ್ನೆಯಾದದ್ದಕ್ಕೂ ಇದೇ ಮದ್ದು. ಒಂದೊಂದು ಮನೆಯ ಪಾಲು 0.3 ಅಂದುಕೊಳ್ಳಿ. ಗುಣಿಸುತ್ತಾ ಹೋದರೆ ಸುಮಾರು 620ನೇ ಮನೆ ಹೊತ್ತಿಗೆ ಆರ್‌ಗೆ ಹಿಡಿಯಲಾಗದಷ್ಟು ಸಣ್ಣದಾಗಿ ಸೊನ್ನೆ ಆಗುತ್ತದೆ. ಉಳಿದ ಮನೆಗಳು ಲೆಕ್ಕಕ್ಕೇ ಬರಲ್ಲ. ಅದರ ಬದಲು ಲಾಗ್ ಕೂಡಿಸಿದರೆ ಇಡೀ 2000 ಮನೆ ಸೇರಿ ಮೈನಸ್ 2407.946, ಅಷ್ಟೇ. ಡಿಬೈನಾಮ್, ಡಿನಾರ್ಮ್ ಇಂಥ ವಿತರಣೆಯ ಫಂಕ್ಷನ್‌ಗಳಲ್ಲಿ ‘ಲಾಗ್ ಇಸ್ ಈಕ್ವಲ್ ಟು ಟ್ರೂ’ ಅಂತ ಒಳಗೇ ಕೊಡಿ. ಹೊರಗಿನಿಂದ ಲಾಗ್ ಸುತ್ತಬೇಡಿ. ಸರಾಸರಿಯಿಂದ 40 ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ ಬಿದ್ದ ಒಂದು ಅಳತೆಗೆ ಹೊರಗಿನಿಂದ ಲಾಗ್ ತೆಗೆದರೆ ಮೈನಸ್ ಇನ್ಫ್. ಒಳಗೆ ಕೇಳಿದರೆ ಮೈನಸ್ 800.9189. ಒಂದೇ ಒಂದು ಮೈನಸ್ ಇನ್ಫ್ ಸೇರಿದರೂ ಇಡೀ ಮೊತ್ತ ಹಾಳು. ಪಿನಾರ್ಮ್ ತರಹದ ಫಂಕ್ಷನ್‌ಗಳಲ್ಲಿ ಇದೇ ಆಯ್ಕೆಯ ಹೆಸರು ‘ಲಾಗ್ ಡಾಟ್ ಪಿ’.

ಲಾಗ್‌ನಲ್ಲಿ ಗುಣಾಕಾರ ಸುಲಭ, ಆದರೆ ಕೂಡುವುದು ಸ್ವಲ್ಪ ತೊಡಕು. ಮೈನಸ್ 1000 ಮತ್ತು ಮೈನಸ್ 1001 ಎರಡು ಲಾಗ್‌ಗಳು ಇವೆ, ಅವುಗಳ ಮೂಲ ಸಂಖ್ಯೆಗಳನ್ನು ಕೂಡಿಸಿ ಮತ್ತೆ ಲಾಗ್ ಬೇಕು. ನೇರ ಹೋದರೆ ಎರಡೂ ಸೊನ್ನೆ. ದೊಡ್ಡದನ್ನು, ಅಂದರೆ ಮೈನಸ್ 1000ವನ್ನು ಹೊರಗೆ ತೆಗೆದಿಡಿ. ಒಳಗೆ ಉಳಿಯೋದು 0 ಮತ್ತು ಮೈನಸ್ 1. ಅವುಗಳ ಮೂಲ ಸಂಖ್ಯೆಗಳನ್ನು ಕೂಡಿಸಿ ಲಾಗ್ ತೆಗೆದರೆ 0.3133. ಹೊರಗಿಟ್ಟದ್ದನ್ನು ಸೇರಿಸಿದರೆ ಮೈನಸ್ 999.6867. ಮಿಕ್ಸ್ಚರ್ ಮಾಡೆಲ್ (ಹಲವು ವಿತರಣೆಗಳನ್ನು ಬೆರೆಸಿದ ಮಾದರಿ) ಮಾಡುವ ದಿನ ಈ ಉಪಾಯ ನಿಮಗೆ ಖಂಡಿತ ಬೇಕಾಗುತ್ತದೆ.

ಲಾಗ್ ದಾರಿಗೂ ಬೆಲೆ ಇದೆ. ಲಾಗ್ ಸಾವಿರದ ಆಸುಪಾಸು ಇದ್ದರೆ ವಾಪಸ್ ಬರುವಾಗ ಸುಮಾರು ಮೂರು ಅಂಕೆಯ ನಿಖರತೆ ಕಳೆಯುತ್ತದೆ. ಹತ್ತು ಲಕ್ಷ ಇದ್ದರೆ ಆರು ಅಂಕೆ. ಆರ್ ಸರಿಯಾಗಿ ಹಿಡಿಯುವ ಸುಮಾರು 15 ಅಂಕೆಯಲ್ಲಿ ಮೂರು ಹೋದರೆ ನಿಮ್ಮ ಪ್ರಾಜೆಕ್ಟಿಗೆ ಏನೂ ಆಗಲ್ಲ. ಆದರೆ ಹೆಚ್ಚುಕಮ್ಮಿ ಸಮ ಇರುವ ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯುವಾಗ ಎಚ್ಚರ ಬೇಕು, ಅಲ್ಲಿ ಉಳಿಯೋದು ಬರೀ ಕಸ ಆಗಬಹುದು. ಮೈನಸ್ ಸಂಖ್ಯೆಗೆ ಲಾಗ್ ಇಲ್ಲ, ಅದರ ಚಿಹ್ನೆಯನ್ನು ಬೇರೆ ಇಟ್ಟುಕೊಳ್ಳಬೇಕು.

ನಿಮ್ಮ ಮುಖ್ಯ ಪ್ರಶ್ನೆಗೆ ಇದಕ್ಕಿಂತ ನೇರ ದಾರಿ ಇದೆ. ನಿಮ್ಮ ಸೂತ್ರ ಹೈಪರ್‌ಜಿಯೊಮೆಟ್ರಿಕ್ ವಿತರಣೆಯದ್ದು. ಅದಕ್ಕೆಂದೇ ಇರುವ ಡಿಹೈಪರ್ ಫಂಕ್ಷನ್‌ಗೆ 40, 60, 1940, 1000 ಈ ಕ್ರಮದಲ್ಲಿ ಕೊಡಿ. ಸುಮಾರು 0.003 ಬರುತ್ತದೆ. ಸಾವಿರಕ್ಕೆ ಮೂರು. ಆದರೆ ಇದು ಸರಿಯಾಗಿ 40 ಮನೆ ಆಗುವ ಸಂಭವ. ನಿಮ್ಮ ವಾದಕ್ಕೆ ಬೇಕಿರೋದು ‘40 ಅಥವಾ ಅದಕ್ಕಿಂತ ಜಾಸ್ತಿ’. ಅದಕ್ಕೆ ಪಿಹೈಪರ್ ಬಳಸಿ, ಮೇಲಿನ ಬಾಲ ಬೇಕು ಅಂತ ‘ಲೋಯರ್ ಡಾಟ್ ಟೇಲ್ ಫಾಲ್ಸ್’ ಕೊಡಿ. ಮತ್ತೆ 40ರ ಜಾಗದಲ್ಲಿ 39 ಹಾಕಿ. ಯಾಕೆಂದರೆ ಅದು ‘ಇದಕ್ಕಿಂತ ಜಾಸ್ತಿ’ ಅಂತ ಎಣಿಸುತ್ತದೆ, ಕೊಟ್ಟ ಸಂಖ್ಯೆಯನ್ನು ಸೇರಿಸಲ್ಲ. ಹೀಗೆ ಮಾಡಿದರೆ ಸಾವಿರಕ್ಕೆ ಸುಮಾರು ಆರು. ಈ 39, 40ರ ತಪ್ಪನ್ನು ಅನುಭವಸ್ಥರೂ ಮಾಡೋದನ್ನು ಕಂಡಿದ್ದೇನೆ.

ಎಲ್ಲ ಅಂಕೆಯೂ ಬೇಕು ಅನ್ನುವ ಸಂದರ್ಭ ನಿಜವಾಗಿಯೂ ಇರುತ್ತದೆ, ಕ್ರಿಪ್ಟೋಗ್ರಫಿ, ಸಂಖ್ಯಾ ಸಿದ್ಧಾಂತ ಇಂಥ ಕಡೆ. ಆಗ ಜಿಎಂಪಿ ಪ್ಯಾಕೇಜ್ ಹಾಕಿಕೊಳ್ಳಿ. ಅದರ ಹಿಂದಿರುವ ಲೈಬ್ರರಿ 1991ರಿಂದ ಇದೆ, ನಂಬಬಹುದು. ಚೂಸ್‌ಝಡ್ ಅಂತ ಕೇಳಿದರೆ 601 ಅಂಕೆಯೂ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ದಶಮಾಂಶ ಬೇಕಿದ್ದರೆ ಆರ್‌ಎಂಪಿಎಫ್‌ಆರ್ ಪ್ಯಾಕೇಜ್, ಎಷ್ಟು ಬಿಟ್ ಬೇಕು ಅಂತ ನೀವೇ ಹೇಳಬಹುದು. ಆದರೆ ಇವು ನಿಧಾನ. ರಿಗ್ರೆಶನ್ ಮಾಡುವ ಮಾಮೂಲಿ ಫಂಕ್ಷನ್‌ಗಳು ಈ ಸಂಖ್ಯೆಗಳನ್ನು ಒಪ್ಪಲ್ಲ. ಎಲ್ಲಕ್ಕಿಂತ ಮುಖ್ಯ, ದೊಡ್ಡ ಸಂಖ್ಯೆಯನ್ನು ಕೋಟ್ ಹಾಕಿ ಅಕ್ಷರವಾಗಿ ಕೊಡಬೇಕು. ಕೋಟ್ ಇಲ್ಲದೆ ಬರೆದರೆ ಆರ್ ಅದನ್ನು ಮೊದಲೇ 64 ಬಿಟ್‌ಗೆ ಕತ್ತರಿಸಿ ಆಮೇಲೆ ಪ್ಯಾಕೇಜಿಗೆ ಕೊಡುತ್ತದೆ. ಕತ್ತರಿಸಿದ ಸಂಖ್ಯೆಯನ್ನು ಸಾವಿರ ಬಿಟ್‌ನಲ್ಲಿ ಇಟ್ಟರೂ ಅದು ಕತ್ತರಿಸಿದ್ದೇ. 0.1ಕ್ಕೂ ಇದೇ ಮಾತು.

ಪೂರ್ಣಾಂಕಗಳ ಗಡಿ ಇನ್ನೂ ಹತ್ತಿರ ಇದೆ. ಆರ್‌ನ ಇಂಟಿಜರ್ 32 ಬಿಟ್, ಗರಿಷ್ಠ 2147483647. ನಮ್ಮ ಲೆಕ್ಕದಲ್ಲಿ 214 ಕೋಟಿ ಚಿಲ್ಲರೆ. ಎರಡು ಟೇಬಲ್‌ಗಳಲ್ಲಿ ತಲಾ 50,000 ಸಾಲುಗಳಿದ್ದು, ಸಾಲಿನ ಎಣಿಕೆಗಳನ್ನು ಗುಣಿಸಿದರೆ 250 ಕೋಟಿ. ಎನ್‌ಎ ಬಂದು ಒಂದು ವಾರ್ನಿಂಗ್ ಬರುತ್ತದೆ. ಒಂದು ಎಣಿಕೆಗೆ ‘ಆಸ್ ಡಾಟ್ ನ್ಯೂಮರಿಕ್’ ಹಾಕಿದರೆ ಸರಿಯಾಗುತ್ತದೆ. ಕೆಂಪು ಅಕ್ಷರದ ವಾರ್ನಿಂಗ್ ಓದುವ ಅಭ್ಯಾಸ ಇಟ್ಟುಕೊಳ್ಳಿ.

ಹೆದರಿಕೆ ಅಂದೆನಲ್ಲ, ಅದನ್ನು ಹೇಳುತ್ತೇನೆ. ವರ್ಷಗಳ ಹಿಂದೆ ಇಲ್ಲಿನ ಒಂದು ಹಣಕಾಸು ಕಚೇರಿಯಲ್ಲಿ ನಾನು ಎರಡು ಫೈಲ್‌ಗಳನ್ನು ಗ್ರಾಹಕರ 18 ಅಂಕೆಯ ನಂಬರ್ ಹಿಡಿದು ಜೋಡಿಸುತ್ತಿದ್ದೆ. ಸಾಲುಗಳು ಇದ್ದದ್ದಕ್ಕಿಂತ ಜಾಸ್ತಿ ಬಂದವು. ಸಂಜೆ ಪೂರ್ತಿ ಹುಡುಕಿದೆ, ಕೊನೆಯ ಲೋಕಲ್ ಹಿಡಿದು ಮನೆಗೆ ಹೋದೆ. ಮರುದಿನ ಒಂದೊಂದೇ ಸಾಲು ನೋಡುವಾಗ ಗೊತ್ತಾಯಿತು, ನಂಬರ್ ಕಾಲಮನ್ನು ಸಂಖ್ಯೆಯಾಗಿ ಓದಿಬಿಟ್ಟಿದ್ದೆ. ನೀವೇ ನೋಡಿ: 123456789012345673ರಿಂದ 123456789012345687ರವರೆಗಿನ ಹದಿನೈದೂ ನಂಬರ್‌ಗಳು ಒಳಗೆ 123456789012345680 ಆಗಿ ಕೂರುತ್ತವೆ. ಹದಿನೈದು ಬೇರೆ ಬೇರೆ ಜನ, ಮೆಷಿನ್‌ಗೆ ಒಬ್ಬರೇ. ಇನ್ಫ್ ಇಲ್ಲ, ವಾರ್ನಿಂಗ್ ಇಲ್ಲ. ಒಬ್ಬರ ಸಾಲ ಇನ್ನೊಬ್ಬರ ಹೆಸರಿಗೆ ಹೋಗುವುದಿತ್ತು. ಎಕ್ಸೆಲ್ ಇನ್ನೂ ಕಡಿಮೆ, 15 ಅಂಕೆ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ಯಾವ ನಂಬರನ್ನು ಕೂಡಿಸಲ್ಲ, ಗುಣಿಸಲ್ಲವೋ ಅದನ್ನು ಅಕ್ಷರವಾಗಿಯೇ ಓದಿಸಿ. ಲೆಕ್ಕವೂ ಬೇಕಿದ್ದರೆ ಬಿಟ್64 ಪ್ಯಾಕೇಜ್ ಇದೆ, 19 ಅಂಕೆಯವರೆಗೆ ಬರುತ್ತದೆ.

ನಿಮ್ಮ ಹಳೆಯ ರಿಗ್ರೆಶನ್‌ಗಳ ಬಗ್ಗೆ ಕೇಳಿದ್ದಿರಿ. ಆರ್‌ನಲ್ಲಿ ರಿಗ್ರೆಶನ್ ಮಾಡುವ ಜಿಎಲ್‌ಎಂ ಫಂಕ್ಷನ್ ಲೈಕ್ಲಿಹುಡ್ಡನ್ನು ಹಾಗೇ ಗುಣಿಸಲ್ಲ, ಲಾಗ್‌ನಲ್ಲೇ ಕೆಲಸ ಮಾಡುತ್ತದೆ. ಫ್ಯಾಕ್ಟೋರಿಯಲ್ ಇನ್ಫ್ ಬಂತು ಅನ್ನೋ ಕಾರಣಕ್ಕೆ ಅವು ತಪ್ಪಾಗಿಲ್ಲ. ಅವನ್ನು ಮತ್ತೆ ಮಾಡಬೇಡಿ. ನಾಳೆ ಒಂದು ಕೆಲಸ ಮಾಡಿ: 2000 ಮನೆಗಳ ಫೈಲ್ ತೆರೆದು ಮನೆ ನಂಬರ್ ಕಾಲಮ್ ಎಷ್ಟು ಅಂಕೆಯದ್ದು ನೋಡಿ. 15ಕ್ಕಿಂತ ಜಾಸ್ತಿ ಇದ್ದರೆ ಮೂಲ ಫೈಲಿನಿಂದ ಅಕ್ಷರವಾಗಿ ಓದಿಸಿ, ಬೇರೆ ಬೇರೆ ನಂಬರ್‌ಗಳು ಎಷ್ಟಿವೆ ಅಂತ ಎಣಿಸಿ. 2000 ಬರಬೇಕು. ಬಂದರೆ ಆ ವಿಷಯ ಮುಗಿಯಿತು. ಆಮೇಲೆ ಪಿಹೈಪರ್ ಉತ್ತರವನ್ನು ವರದಿಗೆ ಹಾಕಿ. ಅದರ ಕೆಳಗೆ ‘ಹೈಪರ್‌ಜಿಯೊಮೆಟ್ರಿಕ್ ವಿತರಣೆಯ ಮೇಲಿನ ಬಾಲ, 40 ಮತ್ತು ಅದಕ್ಕಿಂತ ಹೆಚ್ಚು’ ಅಂತ ಒಂದು ಸಾಲು ಬರೆಯಿರಿ, ಬಳಸಿದ ಆರ್ ಆವೃತ್ತಿಯ ನಂಬರನ್ನೂ ಪಕ್ಕದಲ್ಲೇ ಹಾಕಿ.